ಹುದುಗಿನ ವಿದ್ಯೆ, ಹಬ್ಬದ ಹಂಚಿಕೆ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಗೋಷ್ಠಿಯ ಸಂಚಾಲಕರು ನನಗೆ ಒಪ್ಪಿಸಿರುವ ವಿಷಯ ದೇವಾಲಯದ ಅಂಗಳಕ್ಕೆ ಸ್ವಲ್ಪ ಅಪರೂಪವಾದುದು. ಮನೆಯಲ್ಲಿ ಧಾನ್ಯದಿಂದಲೋ ಹಣ್ಣಿನಿಂದಲೋ ಪಾನೀಯವನ್ನು ಹುದುಗಿಸುವುದು, ಹಾಗೂ ಅದನ್ನು ಹಬ್ಬದ ದಿನ ನೆರೆಯವರೊಡನೆ ಹಂಚಿಕೊಳ್ಳುವುದು, ಇದೇ ಆ ವಿಷಯ. ಇದು ಏಕೆ ಚರ್ಚೆಗೆ ಬಂದಿದೆ ಎಂಬುದು ತಮ್ಮೆಲ್ಲರಿಗೂ ತಿಳಿದಿದೆ. ಶತಮಾನೋತ್ಸವದ ಹಬ್ಬದ ಸಂತೆಯಲ್ಲಿ ಮನೆಯಲ್ಲಿ ತಯಾರಿಸಿದ ದ್ರಾಕ್ಷಾರಸದ ಒಂದು ಮಳಿಗೆ ಇರಲಿ, ಅದು ನಮ್ಮ ಹಿರಿಯರ ಕೈಗುಣದ ಗುರುತು ಎಂದು ಕೆಲವು ಕುಟುಂಬಗಳು ಕೇಳಿವೆ. ಕುಡಿತದಿಂದ ಮನೆ ಮುರಿದುಹೋಗಿರುವಾಗ ದೇವಾಲಯದ ಬಾಗಿಲಲ್ಲಿ ಅದರ ಹೆಸರನ್ನೂ ಎತ್ತಬಾರದು ಎಂದು ಇನ್ನು ಕೆಲವು ಕುಟುಂಬಗಳು ಹೇಳಿವೆ. ಈ ಎರಡು ದನಿಗಳೂ ಭಾನುವಾರದ ದಿವ್ಯಬಲಿಪೂಜೆಯಲ್ಲಿ ಅಕ್ಕಪಕ್ಕದಲ್ಲಿ ಕುಳಿತುಕೊಳ್ಳುವವರ ದನಿಗಳೇ. ಆದುದರಿಂದ ಒಂದನ್ನು ಗೆಲ್ಲಿಸಿ ಇನ್ನೊಂದನ್ನು ಸೋಲಿಸುವುದು ನನ್ನ ಉದ್ದೇಶವಲ್ಲ. ಈ ವಿದ್ಯೆ ಎಂತಹುದು, ಹಿರಿಯರೂ ಧರ್ಮಸಭೆಯೂ ರಾಜ್ಯಶಾಸನವೂ ಅದರ ಬಗೆಗೆ ಏನು ಹೇಳಿವೆ, ನಾವು ಮಾಡತಕ್ಕದ್ದೇನು ಎಂಬ ಮೂರು ಮಾತುಗಳನ್ನು ಕ್ರಮವಾಗಿ ತಮ್ಮ ಮುಂದೆ ಇಡುತ್ತೇನೆ.

ಒಂದೇ ಧಾನ್ಯ, ಬೇರೆ ಬೇರೆ ದಾರಿ

ಬಿಯರ್ ಎಂದರೆ ಪರದೇಶದ ವಸ್ತು, ನಮಗೂ ಅದಕ್ಕೂ ಸಂಬಂಧವಿಲ್ಲ ಎಂದು ನಾವು ಭಾವಿಸುತ್ತೇವೆ. ಬಾರ್ಲಿಯೂ ಹಾಪ್ಸ್ ಎಂಬ ಕಹಿಹೂವೂ ನಮ್ಮ ಹೊಲಗಳ ಬೆಳೆಗಳಲ್ಲ ಎಂಬುದು ನಿಜ. ಆದರೆ ಬಿಯರಿನ ಅರ್ಧ ವಿದ್ಯೆ ಈ ಜಿಲ್ಲೆಯ ಪ್ರತಿಯೊಂದು ಮನೆಯಲ್ಲಿಯೂ ಇದೆ. ಕೂಸಿಗೆ ಆರು ತಿಂಗಳು ತುಂಬುತ್ತಲೇ ನಮ್ಮ ಅಜ್ಜಿಯರು ಏನು ಮಾಡುತ್ತಾರೆ? ರಾಗಿಯನ್ನು ತೊಳೆದು ರಾತ್ರಿಯಿಡೀ ನೆನೆಹಾಕುತ್ತಾರೆ. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಆಗಾಗ ನೀರು ಚಿಮುಕಿಸಿ, ಎರಡು ದಿನ ಮೊಳಕೆ ಬರಿಸುತ್ತಾರೆ. ಆಮೇಲೆ ಒಣಗಿಸಿ, ಹದವಾಗಿ ಬೆಚ್ಚಗೆ ಮಾಡಿ, ಮೊಳಕೆಯ ಬೇರನ್ನು ಕೈಯಿಂದ ಉಜ್ಜಿ ತೆಗೆದು ಬೀಸುತ್ತಾರೆ. ಬಿಯರ್ ತಯಾರಿಸುವವನು ಬಾರ್ಲಿಗೆ ಮಾಡುವ ಮೊದಲ ಸಂಸ್ಕಾರವೂ ಇದೇ. ಅಂಗಡಿಯಲ್ಲಿ ‘ರಾಗಿ ಮಾಲ್ಟ್’ ಎಂದು ಕೊಳ್ಳುವ ಹಿಟ್ಟಿನ ಹೆಸರಿನಲ್ಲಿ ಬಿಯರ್ ಕಾರ್ಖಾನೆಯ ಪಾರಿಭಾಷಿಕ ಪದವೇ ಅಡಗಿದೆ.

ಮೊಳಕೆ ಬರುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವಗಳು ಹುಟ್ಟುತ್ತವೆ. ಅವು ಪಿಷ್ಟವನ್ನು ಕತ್ತರಿಸಿ ಸಕ್ಕರೆಯನ್ನಾಗಿ ಮಾಡುತ್ತವೆ. ಮೊಳಕೆ ಹಿಟ್ಟಿನ ಗಂಜಿ ಗಟ್ಟಿಯಾಗದೆ ತೆಳುವಾಗಿ, ತುಸು ಸಿಹಿಯಾಗಿ, ಕೂಸಿಗೆ ಸುಲಭವಾಗಿ ಅರಗುವುದು ಈ ಕಾರಣದಿಂದಲೇ. ಆ ಸಿಹಿಯ ಮೇಲೆ ಯೀಸ್ಟ್ ಎಂಬ ಹುದುಗು ಕೆಲಸಮಾಡಿದರೆ ಬಿಯರ್ ಆಗುತ್ತದೆ. ನಾವು ಆ ಎರಡನೆಯ ಹೆಜ್ಜೆಯನ್ನು ಇಡದೆ ಕೂಸಿನ ಬಟ್ಟಲಿನ ಕಡೆಗೆ ತಿರುಗಿದೆವು. ರಾಗಿಯನ್ನೇ ನೆಚ್ಚಿಕೊಂಡ ಬೇರೆ ಜನರು ಆ ಹೆಜ್ಜೆಯನ್ನು ಇಟ್ಟರು. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ಅಲ್ಲಿಯ ಉಗಾಂಡ ದೇಶದ ತೇಸೊ ಜನರು ರಾಗಿಯಿಂದ ‘ಅಜೋನ್’ ಎಂಬ ಪಾನೀಯವನ್ನು ತಯಾರಿಸಿ, ಒಂದೇ ಗಡಿಗೆಯ ಸುತ್ತ ಕುಳಿತು ಉದ್ದನೆಯ ಕೊಳವೆಗಳಿಂದ ಹೀರುತ್ತಾರೆ. ಸಿಕ್ಕಿಂ ಮತ್ತು ಪೂರ್ವ ನೇಪಾಳದ ಲಿಂಬೂ ಜನರು ಹುದುಗಿಸಿದ ರಾಗಿಯನ್ನು ಪಾತ್ರೆಯಲ್ಲಿ ತುಂಬಿ, ಬಿಸಿನೀರು ಹೊಯ್ದು, ಬಿದಿರಿನ ಕೊಳವೆಯಿಂದ ‘ತೋಂಗ್ಬಾ’ ಕುಡಿಯುತ್ತಾರೆ. ಅತಿಥಿಗೆ ಅದನ್ನು ನೀಡುವುದು ಅವರಲ್ಲಿ ಗೌರವದ ಲಕ್ಷಣ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ‘ರಾಗಿ’ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ಆ ತಳಿಗಳನ್ನು ಬಿತ್ತಿ ಬೆಳೆದ ನಮ್ಮ ರೈತನಿಗೂ ಉಗಾಂಡದ ರೈತನಿಗೂ ಕಾಳಿನ ನಂಟಿದೆ. ಕಾಳು ಒಂದೇ ಆದರೂ ಅದನ್ನು ಯಾವ ಪಾತ್ರೆಗೆ ಹಾಕಬೇಕೆಂಬುದನ್ನು ಪ್ರತಿಯೊಂದು ಸಮಾಜವೂ ತಾನೇ ನಿರ್ಧರಿಸಿಕೊಂಡಿದೆ.

ಹುಳಿಯಿಸುವ ವಿದ್ಯೆಯನ್ನು ನಾವು ಬಿಟ್ಟವರೂ ಅಲ್ಲ. ರಾಗಿ ಅಂಬಲಿಯನ್ನು ರಾತ್ರಿ ಕಾಯಿಸಿಟ್ಟು, ಬೆಳಿಗ್ಗೆ ಅದು ಸಣ್ಣಗೆ ಹುಳಿತ ಮೇಲೆ ಮಜ್ಜಿಗೆ ಬೆರೆಸಿ ಕುಡಿದು ಹೊಲಕ್ಕೆ ಹೋದವರು ನಮ್ಮ ಹಿರಿಯರು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಹಿಟ್ಟು ಉಬ್ಬುವುದೂ ಹುದುಗಿನಿಂದಲೇ. ಇಲ್ಲೆಲ್ಲ ಮುಖ್ಯವಾಗಿ ಕೆಲಸಮಾಡುವುದು ಹುಳಿಯನ್ನು ಉಂಟುಮಾಡುವ ಸೂಕ್ಷ್ಮಜೀವಿಗಳು. ಬಿಯರಿನಲ್ಲಿಯೂ ದ್ರಾಕ್ಷಾರಸದಲ್ಲಿಯೂ ಮುಖ್ಯವಾಗಿ ಕೆಲಸಮಾಡುವುದು ಮದ್ಯಸಾರವನ್ನು ಉಂಟುಮಾಡುವ ಯೀಸ್ಟ್. ಈ ಎರಡೂ ಜೀವಂತ ಕಣಗಳ ಕೆಲಸವೆಂದು ಸ್ಥಾಪಿಸಿದವನು ಫ್ರಾನ್ಸಿನ ಲೂಯಿ ಪಾಸ್ಚರ್. ೧೮೭೬ರಲ್ಲಿ ಅವನು ಬಿಯರನ್ನು ಕುರಿತೇ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಇಂದು ನಾವು ಹಾಲನ್ನು ಕೆಡದಂತೆ ಕಾಯಿಸುವ ಪಾಸ್ಚರೀಕರಣ ಕ್ರಮ ಮೊದಲು ಬಳಕೆಯಾದದ್ದು ದ್ರಾಕ್ಷಾರಸಕ್ಕೆ.

ಈಚಲು ಮತ್ತು ತೆಂಗು

ಈ ಬಯಲುಸೀಮೆಯಲ್ಲಿ ಹೆಂಡವೆಂದರೆ ಈಚಲ ಹೆಂಡ. ಹಳ್ಳದ ಬದಿಯಲ್ಲಿ, ಕೆರೆಯ ಕೆಳಗೆ ಬೆಳೆದ ಈಚಲಿನಿಂದ ರಾತ್ರಿ ಇಳಿದ ರಸ ಮುಂಜಾನೆಗೆ ಬರಿಯ ಸಿಹಿನೀರು. ಬಿಸಿಲೇರುತ್ತ ಗಾಳಿಯಲ್ಲಿಯೂ ಮಡಕೆಯಲ್ಲಿಯೂ ಇರುವ ಯೀಸ್ಟ್ ಅದನ್ನು ಹಿಡಿಯುತ್ತದೆ. ಸಂಜೆಯ ಹೊತ್ತಿಗೆ ಅದು ಬಿಯರಿನಷ್ಟೇ ಮತ್ತೇರಿಸುವ ಹೆಂಡವಾಗಿರುತ್ತದೆ. ಮರುದಿನ ಹುಳಿಯಾಗಿ ವಿನಿಗರಿನ ಹಾದಿ ಹಿಡಿಯುತ್ತದೆ. ಮಡಕೆಯ ಒಳಗೆ ಸುಣ್ಣ ಬಳಿದರೆ ಹುದುಗು ತಡೆದು ನಿಂತು ಅದೇ ರಸ ನೀರಾ ಎನ್ನಿಸಿಕೊಳ್ಳುತ್ತದೆ. ನೀರಾಕ್ಕೂ ಹೆಂಡಕ್ಕೂ ನಡುವೆ ಇರುವುದು ಒಂದು ಬೆರಳು ಸುಣ್ಣ ಮತ್ತು ಕೆಲವು ಗಂಟೆಗಳ ಅವಧಿ ಮಾತ್ರ.

ಇಷ್ಟು ತೆಳುವಾದ ಈ ಗಡಿಗಾಗಿ ನಾಡಿನಲ್ಲಿ ದೊಡ್ಡ ಹೋರಾಟಗಳು ನಡೆದಿವೆ. ೧೯೩೯ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಸ್ವಾತಂತ್ರ್ಯ ಹೋರಾಟಗಾರರು ಪಾನನಿರೋಧದ ಹೆಸರಿನಲ್ಲಿ ಈಚಲ ಮರಗಳನ್ನು ಕಡಿದು ಸೆರೆಮನೆಗೆ ಹೋದರು. ೨೦೦೧ರಲ್ಲಿ ಚನ್ನಪಟ್ಟಣದ ಕಡೆಯ ವಿಠಲೇನಹಳ್ಳಿಯಲ್ಲಿ, ತೆಂಗಿನ ಮರದಿಂದ ನೀರಾ ಇಳಿಸುವ ಹಕ್ಕು ತಮಗೆ ಬೇಕೆಂದು ಚಳುವಳಿ ಹೂಡಿದ ರೈತರ ಮೇಲೆ ಗೋಲೀಬಾರು ನಡೆದು ಪ್ರಾಣಗಳು ಹೋದವು. ಮೊದಲಿನವರು ಮರ ಇರಬಾರದೆಂದರು, ಎರಡನೆಯವರು ಮರ ನಮ್ಮದೆಂದರು. ತೆಂಗನ್ನೇ ನಂಬಿ ಬದುಕುವ ಗುಬ್ಬಿ, ತುಮಕೂರು ಕಡೆಯವರಿಗೆ ಈ ಎರಡನೆಯ ಮಾತಿನ ನೋವು ವಿವರಿಸಿ ಹೇಳಬೇಕಾದುದಲ್ಲ. ಮರ ಬೆಳೆಸುವವನ ಜೀವನ, ಮರ ಏರುವವನ ಕಸುಬು, ಕುಡಿಯುವವನ ಮನೆ, ಈ ಮೂರನ್ನೂ ಒಟ್ಟಿಗೆ ತೂಗದೆ ಈ ವಿಷಯದಲ್ಲಿ ತೀರ್ಪು ಕೊಡಲಾಗದು.

ಮನೆಯ ಭರಣಿ

ಇನ್ನು ನಮ್ಮ ಮನೆಗಳ ಭರಣಿಯ ಮಾತು. ಕ್ರಿಸ್ಮಸ್ಸಿಗೆ ಒಂದೂವರೆ ತಿಂಗಳ ಮುಂಚೆ ಬೆಂಗಳೂರು ನೀಲಿ ದ್ರಾಕ್ಷಿಯನ್ನು ತಂದು, ತೊಳೆದು, ಆರಿಸಿ, ಹಿಚುಕಿ, ಸಕ್ಕರೆ ಬೆರೆಸಿ, ಹಿಡಿ ಗೋಧಿ, ಲವಂಗ, ಚಕ್ಕೆ ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುವಿ, ಇಪ್ಪತ್ತೊಂದನೆಯ ದಿನ ಸೋಸುವ ಪದ್ಧತಿಯನ್ನು ಇಲ್ಲಿರುವ ಅನೇಕರು ಬಲ್ಲರು. ಅತ್ತೆಯಿಂದ ಸೊಸೆಗೆ ಬಂದ ಈ ಲೆಕ್ಕ ಪುಸ್ತಕದಲ್ಲಿ ಬರೆದಿಟ್ಟದ್ದಲ್ಲ. ಹಬ್ಬದ ದಿನ ಅದರ ಪಾಲು ಕೇಕು, ಕಜ್ಜಾಯಗಳೊಡನೆ ಪಕ್ಕದ ಮನೆಗೂ ಹೋಗುತ್ತಿತ್ತು. ಯುಗಾದಿಯ ಒಬ್ಬಟ್ಟು, ರಂಜಾನಿನ ಸುರಕುಂಬ ಆ ಮನೆಗಳಿಂದ ನಮ್ಮ ಮನೆಗೆ ಬರುತ್ತಿದ್ದವು. ಈ ಕೊಡುಕೊಳ್ಳುವಿಕೆಯ ಸೊಗಸನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಒಂದು ತಪ್ಪು ತಿಳುವಳಿಕೆ ಬೇರೂರಿದೆ. ಮನೆಯಲ್ಲಿ ಮಾಡಿದ್ದು ಹಣ್ಣಿನ ರಸ, ಅದರಲ್ಲೇನಿದೆ, ಮಕ್ಕಳಿಗೂ ಕೊಡಬಹುದು ಎಂಬ ಮಾತನ್ನು ನಾವು ಸಲೀಸಾಗಿ ಆಡುತ್ತೇವೆ. ಲೆಕ್ಕ ಹಾಕಿ ನೋಡೋಣ. ಒಂದು ಲೀಟರು ರಸದಲ್ಲಿ ಸುಮಾರು ೧೭ ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ ೧ರಷ್ಟು ಮದ್ಯಸಾರ ಉಂಟಾಗುತ್ತದೆ. ಹಣ್ಣಿನ ಸಕ್ಕರೆ, ನಾವು ಸುರಿದ ಸಕ್ಕರೆ ಎರಡೂ ಸೇರಿ ಲೀಟರಿಗೆ ೨೦೦ ಗ್ರಾಂ ಹುದುಗಿದರೆ ಅದು ಶೇಕಡಾ ೧೨ರ ಹತ್ತಿರಕ್ಕೆ ಹೋಗುತ್ತದೆ. ಸಾಮಾನ್ಯ ಬಿಯರಿನಲ್ಲಿ ಇರುವುದು ಶೇಕಡಾ ೫ರಷ್ಟು. ಅಂದರೆ ಹಬ್ಬದ ದಿನ ಕೊಡುವ ೧೫೦ ಮಿಲಿಲೀಟರಿನ ಒಂದು ಲೋಟ ಮನೆಯ ದ್ರಾಕ್ಷಾರಸ ೩೬೦ ಮಿಲಿಲೀಟರು ಬಿಯರಿಗೆ ಸಮ. ಸಿಹಿ ಹೆಚ್ಚಾಗಿ ನಾಲಗೆಗೆ ತಿಳಿಯದಿದ್ದರೂ ರಕ್ತಕ್ಕೆ ತಿಳಿಯುತ್ತದೆ. ಇದನ್ನು ಶರಬತ್ತೆಂದು ಮಕ್ಕಳ ಕೈಗೆ ಕೊಡುವುದು ಪ್ರೀತಿಯ ಲಕ್ಷಣವಾಗಲಾರದು.

ಇನ್ನೊಂದು ಭಯವೂ ಇದೆ. ಮನೆಯ ದ್ರಾಕ್ಷಾರಸ ಕುಡಿದು ಕಣ್ಣು ಹೋದೀತೆಂದು ಕೆಲವರು ಹೆದರುತ್ತಾರೆ. ಕಣ್ಣನ್ನೂ ಪ್ರಾಣವನ್ನೂ ತೆಗೆಯುವುದು ಮೆಥನಾಲ್ ಎಂಬ ವಿಷ. ಹಣ್ಣನ್ನು ಬರಿಯ ಹುದುಗಿಸುವುದರಿಂದ ಅದು ಅಪಾಯವಾಗುವಷ್ಟು ಹುಟ್ಟುವುದಿಲ್ಲ. ೧೯೮೧ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತದ್ದು, ೨೦೦೮ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಹಾಗೂ ತಮಿಳುನಾಡಿನ ಗಡಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತದ್ದು ಮೆಥನಾಲ್ ಬೆರೆತ ಕಳ್ಳಬಟ್ಟಿಯಿಂದ. ಲಾಭಕ್ಕಾಗಿ ಬೆರೆಸಿದ ಕೈಗೂ ಹಬ್ಬಕ್ಕಾಗಿ ಭರಣಿ ತಿರುವಿದ ಕೈಗೂ ವ್ಯತ್ಯಾಸವುಂಟು. ಹಾಗೆಂದು ಎಲ್ಲವನ್ನೂ ಒಂದೇ ಮಾತಿನಲ್ಲಿ ವಿಷವೆನ್ನುವುದೂ ಸರಿಯಲ್ಲ, ವಿಷವಲ್ಲದ್ದೆಲ್ಲ ನಿರುಪದ್ರವಿ ಎನ್ನುವುದೂ ಸರಿಯಲ್ಲ.

ಹಬ್ಬದ ನಾಲ್ಕು ದಿನ

ಮನೆಯವರು ಹಬ್ಬಕ್ಕಾಗಿ ಪಾನೀಯ ಹುದುಗಿಸುವ ಪ್ರಶ್ನೆ ಇಂದಿನದಲ್ಲ. ೧೯೦೫ರಲ್ಲಿ ಮೈಸೂರಿನ ಓರಿಯಂಟಲ್ ಗ್ರಂಥಾಲಯದ ಪಂಡಿತ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆ ಪ್ರತಿ ಬಂತು. ೧೯೦೯ರಲ್ಲಿ ಅವರು ಅದನ್ನು ಅಚ್ಚು ಮಾಡಿಸಿದರು. ಅದರಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಒಂದು ಅಧ್ಯಾಯವಿದೆ. ಮದ್ಯದ ತಯಾರಿಕೆ, ಮಾರಾಟ ಎಲ್ಲವೂ ರಾಜ್ಯದ ಹತೋಟಿಯಲ್ಲಿರಬೇಕು. ಮದ್ಯ ಊರ ಹೊರಗೆ ಹೋಗಬಾರದು. ನಡತೆ ಬಲ್ಲವರಿಗೆ ಮಾತ್ರ ಅಲ್ಪ ಪ್ರಮಾಣದಲ್ಲಿ ಹೊರಗೆ ಕೊಡಬೇಕು ಎಂದೆಲ್ಲ ಕಟ್ಟುನಿಟ್ಟು ಮಾಡಿದ ಕೌಟಿಲ್ಯನು ಎರಡು ಸಡಿಲಿಕೆಗಳನ್ನು ಇಟ್ಟಿದ್ದಾನೆ. ಸಂಸಾರಸ್ಥರು ಶುಭಕಾರ್ಯಗಳಲ್ಲಿ ಬಿಳಿಯ ಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ತಾವೇ ತಯಾರಿಸಿಕೊಳ್ಳಬಹುದು ಎಂಬುದು ಒಂದು. ಉತ್ಸವ, ಜನಕೂಟ, ಯಾತ್ರೆಗಳ ಕಾಲದಲ್ಲಿ ನಾಲ್ಕು ದಿನ ತಯಾರಿಕೆಗೆ ಬಿಡುವು ಕೊಡಬೇಕು ಎಂಬುದು ಇನ್ನೊಂದು.

ಆ ಅಧ್ಯಾಯದಲ್ಲಿ ಮೇದಕವೆಂಬ ಅಕ್ಕಿಯ ಪಾನೀಯದ ಪ್ರಮಾಣವೂ ಇದೆ: ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ. ಕಿಣ್ವವೆಂದರೆ ಅಂದು ಹುದುಗಿನ ಮುದ್ದೆ. ಸುರೆಯ ಕಿಣ್ವವನ್ನು ಕಲೆಹಾಕುವ ಕೆಲಸವನ್ನು ಹೆಂಗಸರಿಗೂ ಮಕ್ಕಳಿಗೂ ಹೇಳಿದ್ದಾನೆ. ೧೮೭೭ರಲ್ಲಿ ಜರ್ಮನಿಯ ವಿಜ್ಞಾನಿ ಕ್ಯೂನೆ ಗ್ರೀಕ್ ಭಾಷೆಯ ಹುದುಗಿನ ಮಾತಿನಿಂದ ಎನ್‌ಜೈಮ್ ಎಂಬ ಪದವನ್ನು ಕಟ್ಟಿದಂತೆಯೇ, ನಮ್ಮ ವಿಜ್ಞಾನ ಲೇಖಕರು ಅದಕ್ಕೆ ಕಿಣ್ವವೆಂಬ ಈ ಹಳೆಯ ಹೆಸರನ್ನೇ ಕೊಟ್ಟಿದ್ದಾರೆ. ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವ ಮಾತಿನ ಬೇರು ಸುರೆಯ ಗಡಿಗೆಯಲ್ಲಿದೆ.

ಶುಭಸಂದೇಶ ಮತ್ತು ಧರ್ಮಸಭೆ

ನಮ್ಮ ವಿಶ್ವಾಸದ ನಡುವೆಯೇ ದ್ರಾಕ್ಷಾರಸವಿದೆ. ಕಾನಾ ಊರಿನ ಮದುವೆಯಲ್ಲಿ ಯೇಸುಸ್ವಾಮಿ ತುಂಬಿಸಹೇಳಿದ ಆರು ಕಲ್ಲುಬಾನೆಗಳಲ್ಲಿ ಒಂದೊಂದೂ ಎರಡು ಮೂರು ಅಳತೆ ಹಿಡಿಯುತ್ತಿದ್ದವು. ಆ ಅಳತೆ ಸುಮಾರು ೪೦ ಲೀಟರು. ಎಲ್ಲ ಸೇರಿ ಸುಮಾರು ೪೮೦ ಲೀಟರಿಗೆ ಕಡಿಮೆಯಾಗದು. ಒಂದು ಕುಟುಂಬದ ಮರ್ಯಾದೆ ಹೋಗುವುದೆಂದು ಮೊದಲು ಮನಗಂಡವರು ಮಾತೆ ಮರಿಯಮ್ಮನವರು. ಹೊಸ ದ್ರಾಕ್ಷಾರಸವನ್ನು ಹಳೆಯ ತೊಗಲ ಚೀಲದಲ್ಲಿ ತುಂಬುವವರಿಲ್ಲ ಎಂಬ ದೃಷ್ಟಾಂತ ಭರಣಿ ತಿರುವಿದವರಿಗೆ ಕೂಡಲೇ ಅರ್ಥವಾಗುತ್ತದೆ. ಹುದುಗುವ ರಸದಿಂದ ಅನಿಲ ಎದ್ದು ಒತ್ತುತ್ತದೆ. ಹಿಗ್ಗಲಾರದ ಹಳೆಯ ತೊಗಲು ಒಡೆಯುತ್ತದೆ. ಭರಣಿಯ ಬಾಯಿಗೆ ಬಿಗಿಮುಚ್ಚಳ ಹಾಕದೆ ಬಟ್ಟೆ ಕಟ್ಟುವುದೂ ಇದಕ್ಕಾಗಿಯೇ.

ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಗಳಲ್ಲಿ ಪಾನೀಯದ ಅಳತೆಗೇ ಒಂದು ಅಧ್ಯಾಯವನ್ನಿಟ್ಟರು. ಸನ್ಯಾಸಿಗೆ ದ್ರಾಕ್ಷಾರಸ ತಕ್ಕುದಲ್ಲವೆಂಬುದೇ ಅವರ ಮನಸ್ಸಿನಲ್ಲಿದ್ದರೂ, ಎಲ್ಲರನ್ನೂ ಒಪ್ಪಿಸಲಾಗದೆಂದು ಕಂಡು, ದಿನಕ್ಕೊಂದು ಸಣ್ಣ ಅಳತೆಯನ್ನು ಗೊತ್ತುಮಾಡಿ, ಬಿಡಬಲ್ಲವರು ಬಿಡಲಿ ಎಂದರು. ಹನ್ನೆರಡನೆಯ ಶತಮಾನದ ಸಂತ ಹಿಲ್ಡೆಗಾರ್ಡರು ಹಾಪ್ಸ್ ಬೆರೆಸಿದರೆ ಪಾನೀಯ ಕೆಡುವುದಿಲ್ಲವೆಂದು ಬರೆದಿಟ್ಟರು. ಬೆಲ್ಜಿಯಮ್ಮಿನ ಟ್ರಾಪಿಸ್ಟ್ ಮಠಗಳು ಇಂದಿಗೂ ಬಿಯರ್ ತಯಾರಿಸುತ್ತವೆ. ಮಠದ ಜೀವನಕ್ಕೂ ದಾನಧರ್ಮಕ್ಕೂ ಬೇಕಾದುದಕ್ಕೆ ಮೀರಿ ಲಾಭ ಮಾಡಬಾರದೆಂಬುದು ಅವುಗಳ ನಿಯಮ.

ಇದೇ ಧರ್ಮಸಭೆಯಲ್ಲಿ ಇನ್ನೊಂದು ಪರಂಪರೆಯೂ ಉಂಟು. ೧೮೩೮ರಲ್ಲಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಕಪುಚಿನ್ ಗುರು ಥಿಯೋಬಾಲ್ಡ್ ಮ್ಯಾಥ್ಯೂ ಅವರು ಪೂರ್ಣ ಪಾನತ್ಯಾಗದ ಪ್ರತಿಜ್ಞೆಯನ್ನು ಜನರಿಂದ ಮಾಡಿಸತೊಡಗಿ, ಲಕ್ಷಾಂತರ ಜನರ ಬಾಳನ್ನು ತಿದ್ದಿದರು. ೧೮೯೮ರಲ್ಲಿ ಡಬ್ಲಿನ್ನಿನ ಯೇಸುಸಭೆಯ ಗುರು ಜೇಮ್ಸ್ ಕಲೆನ್ ಅವರು, ಕುಡುಕರಿಗಾಗಿ ಕುಡಿಯದವರು ಪಾನವನ್ನು ತ್ಯಜಿಸಿ ಪ್ರಾರ್ಥಿಸುವ ಸಂಘವನ್ನು ಕಟ್ಟಿದರು. ನಮ್ಮ ನೆರೆಯ ಪ್ರಾಟೆಸ್ಟೆಂಟ್ ಬಂಧುಗಳನ್ನೂ ಇಲ್ಲಿ ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲೇ ವೆಸ್ಲಿಯನ್ ಮಿಷನ್ ಗುಬ್ಬಿಯಲ್ಲಿ ನೆಲೆಸಿತು. ಅವರ ಮೆಥಡಿಸ್ಟ್ ಸಂಪ್ರದಾಯಕ್ಕೆ ಸೇರಿದ, ಅಮೆರಿಕದ ದಂತವೈದ್ಯ ಥಾಮಸ್ ವೆಲ್ಚ್ ೧೮೬೯ರಲ್ಲಿ ಪಾಸ್ಚರನ ಕ್ರಮದಿಂದ ದ್ರಾಕ್ಷಿರಸವನ್ನು ಕಾಯಿಸಿ, ಹುದುಗದಂತೆ ಸೀಸೆಯಲ್ಲಿ ಉಳಿಸುವುದನ್ನು ಸಾಧಿಸಿದನು. ಪ್ರಭುಭೋಜನದ ಬಟ್ಟಲಿಗಾಗಿಯೇ ಅವನು ಆ ಪ್ರಯತ್ನ ಮಾಡಿದ್ದು.

ನಮ್ಮ ಬಲಿಪೀಠದ ದ್ರಾಕ್ಷಾರಸ ದ್ರಾಕ್ಷಿಯಿಂದಲೇ ಆದ, ಕೆಡದ, ಸಹಜ ದ್ರಾಕ್ಷಾರಸವಾಗಿರಬೇಕೆಂಬುದು ೧೯೮೩ರ ಧರ್ಮಸಭಾ ಸಂಹಿತೆಯ ವಿಧಿ. ಇಷ್ಟು ದೃಢವಾದ ವಿಧಿಯನ್ನಿಟ್ಟುಕೊಂಡೂ, ಮದ್ಯಸಾರವನ್ನು ಮುಟ್ಟಲಾಗದ ಗುರುಗಳು ಧರ್ಮಾಧ್ಯಕ್ಷರ ಅನುಮತಿಯಿಂದ, ಹುದುಗು ಆಗತಾನೆ ತೊಡಗಿದಾಗಲೇ ನಿಲ್ಲಿಸಿದ ರಸದಿಂದ ಬಲಿಯನ್ನು ಅರ್ಪಿಸಬಹುದೆಂದು ರೋಮಾಪುರಿಯ ೨೦೦೩ರ ಪತ್ರ ಸ್ಪಷ್ಟಪಡಿಸಿದೆ. ಬಂಧುಗಳೇ, ಇದನ್ನು ಸ್ವಲ್ಪ ನಿಧಾನಿಸಿ ಯೋಚಿಸಬೇಕು. ಪರಮಪ್ರಸಾದದ ಪಾತ್ರೆಯ ವಿಷಯದಲ್ಲಿಯೇ ಧರ್ಮಸಭೆ ಒಬ್ಬ ದುರ್ಬಲ ಸಹೋದರನಿಗಾಗಿ ದಾರಿ ಮಾಡಿಕೊಟ್ಟಿದೆ. ಹಬ್ಬದ ಸಂತೆಯ ಲೋಟದ ವಿಷಯದಲ್ಲಿ ನಾವು ಅಷ್ಟಾದರೂ ಮಾಡಬೇಡವೇ? ತನ್ನ ಊಟ ಸಹೋದರನಿಗೆ ಎಡವುಗಲ್ಲಾಗುವುದಾದರೆ ಅದನ್ನು ಬಿಡಲು ಸಿದ್ಧನೆಂದು ಸಂತ ಪೌಲರು ಕೊರಿಂಥದ ಸಭೆಗೆ ಬರೆದುದರ ತಾತ್ಪರ್ಯವೂ ಇದೇ.

ಶಾಸನದ ಮಾತು

೧೯೬೫ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರ್, ವೈನ್, ಹೆಂಡ ಎಲ್ಲವೂ ಆ ಕಾಯಿದೆಯ ಮದ್ಯವೆಂಬ ಮಾತಿನೊಳಗೆ ಬರುತ್ತವೆ. ೨೦೦೭ರ ಜುಲೈ ೧ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಅದೇ ವರ್ಷ ದ್ರಾಕ್ಷಿ ಬೆಳೆಗಾರರ ಹಿತಕ್ಕಾಗಿ ವೈನ್ ನೀತಿ ಬಂತು. ೨೦೧೧ರಿಂದ ಬೆಂಗಳೂರಿನಲ್ಲಿ ಪರವಾನಗಿ ಪಡೆದು ಸ್ಥಳದಲ್ಲೇ ಬಿಯರ್ ತಯಾರಿಸಿ ಬಡಿಸುವ ಮಳಿಗೆಗಳು ತೆರೆದುಕೊಂಡವು. ಬಂಡವಾಳವುಳ್ಳವನಿಗೆ ಹೀಗೆ ದಾರಿ ತೆರೆದಿದೆ. ಇಂಗ್ಲೆಂಡಿನಲ್ಲಿ ೧೯೬೩ರಲ್ಲಿ ಮನೆಯ ಬಳಕೆಯ ಬಿಯರಿಗೆ ಪರವಾನಗಿ ಬೇಕಿಲ್ಲವೆಂದಾಯಿತು. ಅಮೆರಿಕದಲ್ಲಿ ೧೯೭೮ರ ಶಾಸನ, ಮಾರಬಾರದೆಂಬ ಕಟ್ಟಿನೊಡನೆ, ಕುಟುಂಬಕ್ಕೆ ವರ್ಷಕ್ಕಿಷ್ಟೆಂಬ ಮಿತಿಯಲ್ಲಿ ಅದನ್ನು ತೆರಿಗೆಯಿಂದ ಬಿಟ್ಟಿತು. ಮಾರುವುದು ಬೇರೆ, ಹಂಚುವುದು ಬೇರೆ ಎಂಬ ಭೇದವನ್ನು ಆ ಶಾಸನಗಳು ಗುರುತಿಸಿವೆ. ನಮ್ಮಲ್ಲಿಯೂ ಅಂತಹ ಮಿತವಾದ ವಿನಾಯಿತಿ ಬೇಕೆನ್ನುವವರು ಸರಕಾರಕ್ಕೆ ಬಹಿರಂಗವಾಗಿ ಮನವಿ ಸಲ್ಲಿಸಲಿ. ಅದು ಪ್ರಜೆಯ ಹಕ್ಕು. ಆದರೆ ಸಂವಿಧಾನದ ೪೭ನೆಯ ವಿಧಿ ಪಾನನಿರೋಧವನ್ನು ರಾಜ್ಯದ ಗುರಿಯಾಗಿ ಹೇಳಿದೆ ಎಂಬುದನ್ನೂ, ೧೯೯೨ರಲ್ಲಿ ನೆಲ್ಲೂರು ಜಿಲ್ಲೆಯ ಹಳ್ಳಿಯ ಹೆಂಗಸರು ಎದ್ದು ನಿಂತು ಸಾರಾಯಿ ಅಂಗಡಿಗಳನ್ನು ಮುಚ್ಚಿಸಿದರೆಂಬುದನ್ನೂ ಆ ಮನವಿ ಬರೆಯುವವರು ಮರೆಯಬಾರದು. ಹುದುಗಿನ ವಿದ್ಯೆಯನ್ನು ಕಾಪಾಡಿದವರು ಹೆಂಗಸರು. ಕುಡಿತದ ಏಟನ್ನು ತಿಂದವರೂ ಅವರೇ. ಈ ವಿಷಯದಲ್ಲಿ ಮೊದಲ ಮಾತೂ ಕೊನೆಯ ಮಾತೂ ಅವರದಾಗಬೇಕು.

ನಾವು ಮಾಡತಕ್ಕದ್ದು

ಇಷ್ಟನ್ನೂ ತೂಗಿ ನೋಡಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಹಬ್ಬದ ಸಂತೆಯಲ್ಲಿ ದ್ರಾಕ್ಷಾರಸದ ಮಳಿಗೆ ಬೇಡ. ಅದು ಪಾಪವೆಂದು ನಾನು ಹೇಳುತ್ತಿಲ್ಲ. ಶಾಸನ ಅದಕ್ಕೆ ಒಪ್ಪಿಗೆ ಕೊಡದಿರುವಾಗ ದೇವಾಲಯದ ಅಂಗಳ ಅದಕ್ಕೆ ಮರೆಯಾಗಬಾರದು ಎಂಬುದು ಒಂದು ಕಾರಣ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಕುಡಿತವನ್ನು ಬಿಟ್ಟು, ದಿನದಿನವೂ ಹೋರಾಡುತ್ತ, ಹೆಂಡತಿ ಮಕ್ಕಳ ಕೈ ಹಿಡಿದು ದೇವಾಲಯಕ್ಕೆ ಬರುವ ಮನುಷ್ಯ ಆ ಮಳಿಗೆಯನ್ನು ಹಾದು ಒಳಗೆ ಬರಬೇಕಾಗುತ್ತದೆ. ನೂರು ವರ್ಷದ ಹಬ್ಬದ ದಿನ ಅವನಿಗೆ ಅಂತಹ ಪರೀಕ್ಷೆಯನ್ನು ಒಡ್ಡುವ ಹಂಚಿಕೆ ಹಂಚಿಕೆಯಾಗಲಾರದು.

ಆದರೆ ಬೇಡವೆಂದಷ್ಟೇ ಹೇಳಿ ಕೈತೊಳೆದುಕೊಂಡರೆ ಭರಣಿಯ ಕುಟುಂಬಗಳಿಗೆ ಅನ್ಯಾಯವಾಗುತ್ತದೆ. ಅವರ ಕೈಗುಣಕ್ಕೆ ಹಬ್ಬದಲ್ಲಿ ಜಾಗ ಬೇಕು. ಈ ಸೀಮೆಯಲ್ಲಿ ಪಾನೀಯವನ್ನು ಹಂಚುವ ಒಂದು ಹಳೆಯ ಸಂಸ್ಥೆ ಇದೆ, ಅದೇ ಅರವಟ್ಟಿಗೆ. ಶ್ರೀರಾಮನವಮಿಯ ದಿನ ಬೀದಿ ಬೀದಿಯಲ್ಲಿ ಪಾನಕ, ನೀರುಮಜ್ಜಿಗೆ ಹಂಚುವವರು ಬಂದವನ ಜಾತಿ ಮತಗಳನ್ನು ಕೇಳುವುದಿಲ್ಲ. ಗುಬ್ಬಿಯ ಚನ್ನಬಸವೇಶ್ವರನ ಜಾತ್ರೆಗೆ ಹೋದವನು ಬಾಯಾರಿ ಹಿಂದಿರುಗುವುದಿಲ್ಲ. ಸಿದ್ಧಗಂಗೆಯ ದಾಸೋಹದಲ್ಲಿ ಬಂದವರಿಗೆಲ್ಲ ಒಂದೇ ಪಂಕ್ತಿ. ನಮ್ಮ ದೇವಾಲಯದ ಹೊರಬಾಗಿಲಲ್ಲಿಯೂ ಹಬ್ಬದ ಮೂರು ದಿನ ಒಂದು ಅರವಟ್ಟಿಗೆ ಇರಲಿ. ರಾತ್ರಿ ಹುಳಿಸಿದ ರಾಗಿ ಅಂಬಲಿಗೆ ಮಜ್ಜಿಗೆ, ಉಪ್ಪು, ಕ್ಷಣಹೊತ್ತಿಗೆ ಮುಂಚೆ ಹೆಚ್ಚಿದ ಈರುಳ್ಳಿ ಬೆರೆಸಿ ಕೊಡೋಣ. ಮಕ್ಕಳಿಗೂ ಬಾಣಂತಿಯರಿಗೂ ಮೊಳಕೆ ರಾಗಿಯ ಗಂಜಿಯನ್ನು ಬೆಲ್ಲ ಹಾಕಿ ಕೊಡೋಣ. ದ್ರಾಕ್ಷಿಯ ಕೈಗುಣವುಳ್ಳವರು ಹಣ್ಣನ್ನು ಹಿಚುಕಿ ಸೋಸಿದ ಕೂಡಲೇ ಎಂಬತ್ತು ಡಿಗ್ರಿ ಶಾಖದಲ್ಲಿ ಇಪ್ಪತ್ತು ನಿಮಿಷ ಕಾಯಿಸಿ, ಬೇಯಿಸಿ ಶುಚಿಮಾಡಿದ ಸೀಸೆಗಳಲ್ಲಿ ಬಿಸಿಯಾಗಿಯೇ ತುಂಬಿ ಮುಚ್ಚಲಿ. ಚಕ್ಕೆ ಲವಂಗದ ಅದೇ ಪರಿಮಳ, ಅದೇ ನೀಲಿ ಬಣ್ಣ. ಹುದುಗು ಮಾತ್ರ ಇರುವುದಿಲ್ಲ. ಕುಡಿತ ಬಿಟ್ಟವನೂ, ಮುಸಲ್ಮಾನ ಬಂಧುವೂ, ಏಳು ವರ್ಷದ ಕೂಸೂ ಅದನ್ನು ಹಿಂಜರಿಯದೆ ಕುಡಿಯಬಹುದು.

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಹೆಂಡವೆನ್ನುತ್ತಾರೆ ಎಂಬ ಗಾದೆಯಿದೆ. ಕ್ರೈಸ್ತರ ಹಬ್ಬವೆಂದರೆ ಕುಡಿತವೆಂದು ನಮ್ಮ ಸಿನಿಮಾಗಳು ಹಲವು ವರ್ಷ ತೋರಿಸಿವೆ. ನೆರೆಯವರಲ್ಲಿ ಕೆಲವರು ನಂಬಿಯೂ ಇದ್ದಾರೆ. ಅವರೊಡನೆ ವಾದ ಹೂಡುವುದಕ್ಕಿಂತ ಒಂದು ಲೋಟ ಅಂಬಲಿಯನ್ನು ಅವರ ಕೈಗೆ ಕೊಡುವುದು ಮೇಲು.

ಕೊನೆಯದಾಗಿ ಇನ್ನೆರಡು ಸಲಹೆಗಳು. ಮೊಳಕೆ ರಾಗಿ, ಅಂಬಲಿ, ದ್ರಾಕ್ಷಿರಸ, ಈ ಹಳೆಯ ಲೆಕ್ಕಗಳನ್ನು ವಯಸ್ಸಾದ ತಾಯಂದಿರ ಬಾಯಿಂದ ಕೇಳಿ, ಅಳತೆಯೊಡನೆ ಬರೆದಿಡುವ ಕೆಲಸವನ್ನು ನಮ್ಮ ಯುವಕ ಯುವತಿಯರು ಈ ವರ್ಷವೇ ಕೈಗೊಳ್ಳಲಿ. ಅವರು ಹೋದ ಮೇಲೆ ಕೇಳಲು ಯಾರೂ ಇರುವುದಿಲ್ಲ. ಹಾಗೆಯೇ ಕುಡಿತ ಬಿಡಬಯಸುವವರು ವಾರಕ್ಕೊಮ್ಮೆ ಒಂದೆಡೆ ಸೇರಿ ಪರಸ್ಪರ ನೆರವಾಗಲು ಈ ಸಭಾಭವನದ ಒಂದು ಕೊಠಡಿಯನ್ನು ಖಾಯಂ ಆಗಿ ಬಿಟ್ಟುಕೊಡುವಂತೆ ಪೂಜ್ಯ ಗುರುಗಳಲ್ಲಿ ವಿನಂತಿಸುತ್ತೇನೆ. ಅವರ ಹೆಸರನ್ನು ಯಾರೂ ಕೇಳುವುದು ಬೇಡ, ಬರೆದಿಡುವುದೂ ಬೇಡ. ಶತಮಾನೋತ್ಸವದ ನೆನಪಿಗೆ ಕಲ್ಲಿನ ಕಟ್ಟಡಗಳು ಬೇಕು. ಅಂತಹ ಒಂದು ಕೊಠಡಿಯ ತೆರೆದ ಬಾಗಿಲೂ ಬೇಕು.

 ಒಪ್ಪುವುದೂ ತಿದ್ದುವುದೂ ತಮಗೆ ಬಿಟ್ಟದ್ದು. ಕಾನಾ ಊರಿನ ಮನೆಯ ಕೊರತೆಯನ್ನು ಮೊದಲು ಕಂಡ ಮಾತೆ ಮರಿಯಮ್ಮನವರು ನಮ್ಮ ಮನೆಗಳ ಕೊರತೆಗಳನ್ನೂ ಕಾಣಲಿ.